ಗುರುವಾರದ ಹನಿಗಳು

ನೀರಿನ ಹನಿಯ ಮುಂದೆ ಕಣ್ಣಿಟ್ಟು ಕೂರುವುದೇ ನನ್ನ ಕೆಲಸ. ಹನಿ ಅಂಟಿಕೊಂಡು ನಿಲ್ಲುತ್ತದೋ ಜಾರಿ ಹೋಗುತ್ತದೋ ನೋಡಬೇಕು, ಎಷ್ಟು ಓರೆ ಮಾಡಿದಾಗ ಜಾರಿತು ಎಂದು ಬರೆಯಬೇಕು, ಒರೆಸಿ ಇನ್ನೊಂದು ಹನಿ ಇಡಬೇಕು. ಏಳು ವರ್ಷವಾಯಿತು. ಕತ್ತು ಹಿಡಿದುಕೊಂಡಿದೆ, ಎಡಗಣ್ಣು ಸಂಜೆಯ ಹೊತ್ತಿಗೆ ಮಂಜಾಗುತ್ತದೆ. ಹನಿಗೆ ಮಾತ್ರ ಯಾವ ದಣಿವೂ ಇಲ್ಲ, ಅದು ದಿನಾ ಹೊಸದಾಗಿ ಬಂದು ಕೂರುತ್ತದೆ.

ಕಡೇಚೂರಿನ ಕೈಗಾರಿಕಾ ಪ್ರದೇಶದಲ್ಲಿ ಹಳೆ ಬಾಟಲಿಗಳನ್ನು ಚೂರು ಮಾಡಿ, ತೊಳೆದು, ಮರುಬಳಕೆಗೆ ಕಳಿಸುವ ಕಾರ್ಖಾನೆಯೊಂದಿದೆ. ಅದರ ಪರೀಕ್ಷಾ ಕೋಣೆ ನನ್ನದು. ಯಾದಗಿರಿಯಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟು, ಸಂಜೆ ಸಿಕ್ಕ ಬಸ್ಸಿಗೆ ಜೋತು ಬಿದ್ದು ವಾಪಸ್ಸು ಬರುತ್ತೇನೆ. ಮದುವೆ ಮನೆಗಳಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ರಸಾಯನಶಾಸ್ತ್ರ ಎಂದಷ್ಟೇ ಹೇಳಿ ಬಿರಿಯಾನಿಯ ಕಡೆ ತಿರುಗುತ್ತೇನೆ. ಸುರಪುರದಲ್ಲಿರುವ ನನ್ನ ಅಮ್ಮನಿಗೆ ಒಮ್ಮೆ ಪೂರ್ತಿ ವಿವರಿಸಿದ್ದೆ. ಆಕೆ ಎಲ್ಲ ಕೇಳಿ, "ಪಾನಿ ದೇಖ್ನೇಕು ಇತ್ತಾ ಪಢೀ ಕ್ಯಾ?" ಎಂದಳು. ನೀರು ನೋಡುವುದಕ್ಕೆ ಇಷ್ಟು ಓದಿದೆಯಾ ಎಂದು. ಅವತ್ತಿನಿಂದ ವಿವರಿಸುವುದನ್ನು ಬಿಟ್ಟೆ.

ಆದರೂ ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿಗೆ ಬರುವ ಚೂರುಗಳಲ್ಲಿ ಎರಡು ಜಾತಿಯ ಪ್ಲಾಸ್ಟಿಕ್ ಬೆರೆತಿರುತ್ತದೆ. ನೋಡಲು ಒಂದೇ ಥರ, ತೂಕವೂ ಹೆಚ್ಚು ಕಡಿಮೆ ಒಂದೇ. ಒಂದು ನಮಗೆ ಬೇಕಾದ ಬಾಟಲಿಯದು, ಇನ್ನೊಂದು ಸ್ವಲ್ಪ ಸೇರಿದರೂ ಕರಗಿಸಿದ ಮಾಲನ್ನೆಲ್ಲ ಹಳದಿ ಮಾಡುವ ಪೀಡೆ. ಕಾಸ್ಟಿಕ್ ಸೋಡಾದ ಬಿಸಿನೀರಲ್ಲಿ ಚೆನ್ನಾಗಿ ತೊಳೆದರೆ ಬಾಟಲಿಯ ಚೂರಿನ ಮೈಗೆ ನೀರು ಹತ್ತುತ್ತದೆ, ಪೀಡೆಯ ಮೈಗೆ ಹತ್ತುವುದಿಲ್ಲ. ಆಮೇಲೆ ಎರಡನ್ನೂ ಒಂದು ತೊಟ್ಟಿಗೆ ಸುರಿದು ಕೆಳಗಿನಿಂದ ಗಾಳಿಗುಳ್ಳೆ ಬಿಡುತ್ತೇವೆ. ನೀರು ಹತ್ತದ ಮೈಗೆ ಗುಳ್ಳೆ ಅಂಟಿ ಪೀಡೆ ಮೇಲೆ ತೇಲುತ್ತದೆ, ನಮ್ಮದು ತಳಕ್ಕೆ ಕೂರುತ್ತದೆ. ತೊಳೆತ ಸರಿಯಾಗದಿದ್ದರೆ ನಮ್ಮದೂ ಮೇಲೆ ತೇಲಿ ಕಸದ ಜೊತೆ ಹೋಗುತ್ತದೆ. ಅದಕ್ಕೇ ತೊಟ್ಟಿಗೆ ಸುರಿಯುವ ಮೊದಲು ನನ್ನ ಹನಿಯ ಒಪ್ಪಿಗೆ ಬೇಕು.

ಚೂರು ಬಹಳ ಸಣ್ಣದು, ಅದರ ಮೇಲೆ ಹನಿ ನಿಲ್ಲದು. ಹಾಗಾಗಿ ಬಾಟಲಿಯಿಂದ ಕತ್ತರಿಸಿದ ಬೆರಳುದ್ದದ ಪಟ್ಟಿಗಳನ್ನು ಬಲೆಚೀಲದಲ್ಲಿ ಹಾಕಿ ಚೂರುಗಳ ಜೊತೆಗೇ ತೊಳೆಯುತ್ತಾರೆ. ಸಂಜೆ ಆ ಪಟ್ಟಿಗಳನ್ನು ತಂತಿಗೆ ಸಿಕ್ಕಿಸಿ ಒಣಹಾಕುತ್ತೇನೆ. ಮರುದಿನ ಬೆಳಿಗ್ಗೆ ಒಂದೊಂದನ್ನೇ ಓರೆಹಲಗೆಗೆ ಬಿಗಿದು, ಸೂಜಿಯಿಂದ ಹನಿ ಇಟ್ಟು, ತಿರುಪು ತಿರುಗಿಸುತ್ತಾ ಹಲಗೆಯನ್ನು ನಿಧಾನ ಎಬ್ಬಿಸುತ್ತೇನೆ. ತೊಳೆತ ಚೆನ್ನಾಗಿದ್ದರೆ ಹನಿ ಚಪ್ಪಟೆಯಾಗಿ ಹರಡಿ, ಹಲಗೆ ಗೋಡೆಯಂತೆ ನೆಟ್ಟಗೆ ನಿಂತರೂ ಹಿಡಿದ ಜಾಗ ಬಿಡುವುದಿಲ್ಲ. ಕೆಟ್ಟಿದ್ದರೆ ದುಂಡಗೆ ಕೂತು, ಸ್ವಲ್ಪ ಓರೆಯಾದ ಕೂಡಲೇ ಸರ್ರನೆ ಜಾರಿ ಹೋಗುತ್ತದೆ.

ತೊಳೆಯುವವರು ಹೆಂಗಸರ ಎರಡು ತಂಡ. ದಿನ ಬಿಟ್ಟು ದಿನ ಒಂದೊಂದು ತಂಡದ ಪಾಳಿ. ಮಂಗಳವಾರ, ಗುರುವಾರ, ಶನಿವಾರದ ತಂಡಕ್ಕೆ ಮುಖ್ಯಸ್ಥೆ ಒಬ್ಬ ಅಕ್ಕ. ವಯಸ್ಸು ಐವತ್ತು ದಾಟಿತ್ತು. ಪಕ್ಕದ ಹಳ್ಳಿಯವಳು, ಗಂಡ ತೀರಿಹೋಗಿದ್ದ, ಮಗಳನ್ನು ವನದುರ್ಗಕ್ಕೆ ಕೊಟ್ಟಿದ್ದಳು. ಶಾಲೆ ಕಂಡವಳಲ್ಲ. ಆದರೆ ತೊಳೆತ ಆಯಿತೋ ಇಲ್ಲವೋ ಎಂದು ನೋಡಲು ಅವಳಿಗೆ ತನ್ನದೇ ದಾರಿ ಇತ್ತು. ಒದ್ದೆ ಚೂರುಗಳನ್ನು ಒಂದು ಹಿಡಿ ತೆಗೆದು, ಎರಡೂ ಅಂಗೈ ನಡುವೆ ತಿಕ್ಕಿ, ಕಿವಿಯ ಹತ್ತಿರ ಹಿಡಿಯುತ್ತಿದ್ದಳು.

"ಕಿರ್ರ್ ಅಂತಂದ್ರ ತೊಳದಂಗ. ಸುಮ್ಮ ಇದ್ರ ಇನ್ನ ಜಿಡ್ಡ ಅದ ಅಂತ. ನಿನ್ನ ಹನಿ ನಾಳಿ ಮುಂಜಾನಿ ಹೇಳೂದು ನನ್ನ ಕೈ ಇವತ್ತ ಹೇಳ್ತದ, ತಂಗಿ," ಎಂದು ಕಿಚಾಯಿಸುತ್ತಿದ್ದಳು.

"ಹಂಗಾದ್ರ ನನ್ನನ್ನ ಮನಿಗೆ ಕಳಸ್ರಿ ಅಕ್ಕಾ, ನಿಮ್ಮ ಕೈನ ಇಲ್ಲಿ ಕೂಡಸ್ತೀನಿ," ಎನ್ನುತ್ತಿದ್ದೆ. ಮಧ್ಯಾಹ್ನ ನನ್ನ ಕೋಣೆಯ ಹಿಂದಿನ ಕಟ್ಟೆಯ ಮೇಲೆ ಇಬ್ಬರೂ ಬುತ್ತಿ ಬಿಚ್ಚುತ್ತಿದ್ದೆವು. ಅವಳ ಜೋಳದ ರೊಟ್ಟಿ, ಶೇಂಗಾ ಹಿಂಡಿ ಹೆಚ್ಚಾಗಿ ನನ್ನ ಹೊಟ್ಟೆಗೇ ಹೋಗುತ್ತಿತ್ತು.

ಇನ್ನು ಲೋಬಾನದ ವಿಷಯ. ಗುರುವಾರ ಸಂಜೆ, ನಮ್ಮ ಮನೆಮಾತಿನಲ್ಲಿ ಜುಮ್ಮೇರಾತ್, ಕೆಂಡದ ಮೇಲೆ ಲೋಬಾನ ಉದುರಿಸಿ ಮನೆಯ ಮೂಲೆ ಮೂಲೆಗೂ ಹೊಗೆ ತೋರಿಸುವುದು ಅಮ್ಮನ ಪದ್ಧತಿ. ಸುರಪುರದ ನಮ್ಮ ಓಣಿ ತುಂಬ ಆ ಹೊತ್ತಿಗೆ ಅದೇ ಘಮ. ಕಾರ್ಖಾನೆಯ ನಾತ ತಡೆಯಲಾರದೆ ನಾನೂ ಒಂದು ಪುಟ್ಟ ಲೋಬಾನದಾನಿ ತಂದಿಟ್ಟುಕೊಂಡೆ. ಹುಳಿತ ಹಾಲು, ಹಳಸಿದ ಬೀರು, ಹೊಲಕ್ಕೆ ಹೊಡೆಯುವ ಎಣ್ಣೆ, ಇವೆಲ್ಲ ಸೇರಿದ ವಾಸನೆ ವಾರವಿಡೀ ಮೂಗಲ್ಲಿ ಕೂತಿರುತ್ತಿತ್ತು. ವಾರಕ್ಕೊಂದು ಸಲವಾದರೂ ನನ್ನ ಕೋಣೆ ಮನುಷ್ಯರ ಕೋಣೆಯಂತೆ ಇರಲಿ ಎಂದು ನನ್ನಾಸೆ.

ಆದರೆ ಕೆಂಡ? ಪ್ಲಾಸ್ಟಿಕ್ ಕಾರ್ಖಾನೆಯೊಳಗೆ ಕಡ್ಡಿಪೆಟ್ಟಿಗೆ ತರುವುದೂ ತಪ್ಪು. ಗೇಟಿನಲ್ಲಿ ಕೆಂಪು ಅಕ್ಷರದ ಫಲಕವೇ ಇದೆ. ದಾರಿ ಹುಡುಕಿದವಳು ಅಕ್ಕ. ಐದಕ್ಕೆ ಪಾಳಿ ಮುಗಿದ ಮೇಲೆ ಉಳಿದ ಹೆಂಗಸರು ಸಂತೆಗೆ ಹೊರಟರೆ ಅವಳು ಗೇಟಿನಾಚೆಯ ಚಹಾದ ಅಂಗಡಿಗೆ ಹೋಗಿ, ಒಲೆಯಿಂದ ನಾಲ್ಕು ಕೆಂಡ ಮುಚ್ಚಳದ ಡಬ್ಬಿಯಲ್ಲಿ ಹಾಕಿಸಿಕೊಂಡು, ಸೆರಗಿನಡಿ ಹಿಡಿದು ಹಿಂದಿನ ಬಾಗಿಲಿನಿಂದ ಬರುತ್ತಿದ್ದಳು. ಹೊಗೆ ಎದ್ದ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂರುತ್ತಿದ್ದಳು. "ತಲಿ ಹಗುರಾತು ನೋಡು," ಎನ್ನುತ್ತಿದ್ದಳು. ಹತ್ತಿರದ ಊರಿನ ಸಂತೆ ಗುರುವಾರವೇ. ಅವಳು ಅಲ್ಲಿ ಮುಟ್ಟುವ ಹೊತ್ತಿಗೆ ಬಾಡಿದ ಸೊಪ್ಪು, ಹುಳುಕು ಬದನೆ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಅದಕ್ಕೆ ಅವಳು ಗೊಣಗಿದ್ದು ನಾನು ಕೇಳಿಲ್ಲ.

ಹೀಗೆ ಒಂದು ವರ್ಷ ನಡೆಯಿತು. ಆ ಮಳೆಗಾಲದಲ್ಲಿ ಶುಕ್ರವಾರದ ಹನಿಗಳು ಜಾರತೊಡಗಿದವು. ಗುರುವಾರ ತೊಳೆದ ಪಟ್ಟಿಗಳು, ಒಂದೂ ಬಿಡದೆ. ಮಂಗಳವಾರದ್ದು ಸರಿ, ಶನಿವಾರದ್ದು ಸರಿ, ಗುರುವಾರದ್ದು ಮಾತ್ರ ಮೂವತ್ತು ಡಿಗ್ರಿ ಏರುವುದರೊಳಗೆ ಜಾರಿ ಹಲಗೆಯ ಬುಡದಲ್ಲಿ. ಸೂಜಿ ಬದಲಿಸಿದೆ, ನೀರು ಬದಲಿಸಿದೆ, ಹಲಗೆ ಬಿಚ್ಚಿ ತೊಳೆದೆ. ಮತ್ತೆ ಶುಕ್ರವಾರ ಬಂತು, ಮತ್ತೆ ಜಾರಿತು.

ಪ್ರತಿ ಸಲ ಆ ಮಾಲನ್ನು ಮತ್ತೆ ತೊಳೆಯಬೇಕು. ಅಕ್ಕನ ತಂಡ ರಜೆಯ ಭಾನುವಾರ ಬಂದು ಅದೇ ಚೂರುಗಳನ್ನು ಅದೇ ಸುಡುವ ನೀರಿನಲ್ಲಿ ಮತ್ತೆ ತಿರುವುತ್ತಿತ್ತು. ಹೆಂಗಸರು ನನ್ನ ಕಿಟಕಿಯ ಮುಂದೆ ಹಾಯುವಾಗ ಮುಖ ತಿರುಗಿಸುತ್ತಿದ್ದರು. ಅಕ್ಕ ಒಂದು ದಿನ ಹಿಡಿ ಚೂರು ತಂದು ನನ್ನ ಕಿವಿಯ ಹತ್ತಿರವೇ ತಿಕ್ಕಿದಳು. ಕಿರ್ರ್ ಎಂದಿತು.

"ಕೇಳ್ತದಿಲ್ಲ? ನಾ ತೊಳದೀನಿ ತಂಗಿ."

"ಅಕ್ಕಾ, ನಾ ಏನ್ ಮಾಡ್ಲಿ? ಹನಿ ಜಾರಕತ್ತದ."

ಮ್ಯಾನೇಜರು ಗುರುಮಠಕಲ್ ಕಡೆಯವರು. ಕೆಟ್ಟ ಮನುಷ್ಯರಲ್ಲ, ಆದರೆ ಎಲ್ಲದಕ್ಕೂ ಕೂಡಲೇ ಒಂದು ಕಾರಣ ಬೇಕು ಅವರಿಗೆ. ನನ್ನ ರಿಜಿಸ್ಟರಿನಲ್ಲಿ ಗುರುವಾರಗಳನ್ನೆಲ್ಲ ಬೆರಳಿಟ್ಟು ಎಣಿಸಿ, "ಸಂತಿ ದಿನಾನೇ ಯಾಕ ಕೆಡ್ತದ ಮೇಡಂ? ಸಂತಿಗೆ ಓಡೂ ಅವಸರದಾಗ ಅರ್ಧಾಮರ್ಧ ತೊಳದು ಹೋಗಕತ್ತಾರ. ಆ ತಂಡದ ಮುಖ್ಯಸ್ಥಿ, ಆಕಿನ ಮುಂದ ನಿಂತು ಓಡ್ತಾಳ," ಎಂದರು. ನಾನು ಕತ್ತು ತಿಕ್ಕಿಕೊಳ್ಳುತ್ತಾ ಸುಮ್ಮನಿದ್ದೆ. ಬಸ್ಸಿನ ಹೊತ್ತಾಗಿತ್ತು.

ದಸರೆಗೆ ಮೊದಲು ಅಕ್ಕನನ್ನು ಕೆಲಸದಿಂದ ತೆಗೆದರು. ಗೇಟಿನ ಹತ್ತಿರ ತಂಡದ ಎಂಟೂ ಹೆಂಗಸರನ್ನು ನಿಲ್ಲಿಸಿ, ಸಂತೆಗೆ ಓಡುವ ಅವಸರದಲ್ಲಿ ಕೆಲಸ ಕೆಡಿಸಿದ್ದಾಳೆ ಎಂದು ಹಾಜರಿ ಪುಸ್ತಕದಲ್ಲಿ ಬರೆದದ್ದನ್ನು ಓದಿ ಹೇಳಿ, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ನಾನು ಕಿಟಕಿಯಿಂದ ನೋಡಿದೆ. ಅವಳು ಬೆರಳಿನ ಮಸಿಯನ್ನು ಗೋಡೆಗೆ ಒರೆಸಿ, ಬುತ್ತಿಯ ಗಂಟು ಕಂಕುಳಲ್ಲಿಟ್ಟುಕೊಂಡು ನಡೆದುಹೋದಳು. ನನ್ನ ಕಿಟಕಿಯ ಕಡೆ ತಿರುಗಲಿಲ್ಲ.

ಮುಂದಿನ ಶುಕ್ರವಾರ ಹನಿಗಳು ಗಟ್ಟಿಯಾಗಿ ಅಂಟಿ ನಿಂತವು. ಅದರ ಮುಂದಿನ ಶುಕ್ರವಾರವೂ. ಮ್ಯಾನೇಜರು ಬಂದು ರಿಜಿಸ್ಟರು ನೋಡಿ ನಕ್ಕು, "ನಾ ಹೇಳಿದ್ನಿಲ್ರಿ?" ಎಂದರು. ನನಗೂ ಹಾಗೇ ಅನಿಸಿತು. ಸುಳ್ಳು ಯಾಕೆ ಹೇಳಲಿ, ನಿರಾಳವೇ ಆಯಿತು. ನನ್ನ ಲೆಕ್ಕ ತಪ್ಪಿರಲಿಲ್ಲ, ಅಷ್ಟು ಸಾಕಾಗಿತ್ತು ನನಗೆ.

ಅಕ್ಕ ಇಲ್ಲದ ಮೇಲೆ ಕೆಂಡ ತರುವವರೂ ಇರಲಿಲ್ಲ, ಲೋಬಾನದಾನಿ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಐದಾರು ವಾರ ಕಳೆದವು. ಒಂದು ಗುರುವಾರ ವಾಸನೆ ತಲೆಗೇರಿ, ಕುತ್ತಿಗೆ ನೋವಿಗೆ ಅಳು ಬರುವ ಹಾಗಾಗಿ, ನಾನೇ ಡಬ್ಬಿ ಹಿಡಿದು ಚಹಾದ ಅಂಗಡಿಗೆ ಹೋದೆ. ಕೆಂಡ ತಂದೆ, ಲೋಬಾನ ಹಾಕಿದೆ, ಗೋಡೆಗೆ ಒರಗಿ ಕೂತೆ. ಹೊಗೆ ಮೇಲೆದ್ದು ತಂತಿಯ ಮೇಲಿನ ಪಟ್ಟಿಗಳ ನಡುವೆ ಸುತ್ತಾಡಿತು. ನಾನದನ್ನು ನೋಡುತ್ತಾ ಕೂತಿದ್ದೆ, ತಲೆಗೆ ಏನೂ ಹೊಳೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಹನಿ ಜಾರಿತು.

ಮೊದಲು ಗುರುವಾರದ ತಂಡದವರ ಮೇಲೆ ಸಿಟ್ಟು ಬಂತು. ನೀರು ಕುಡಿಯೋಣ ಎಂದು ಮೇಜಿನ ಮೇಲೆ ಬೋರಲು ಹಾಕಿದ್ದ ಗಾಜಿನ ಲೋಟ ತೆಗೆದು ನಲ್ಲಿಗೆ ಹಿಡಿದೆ. ಲೋಟದ ಹೊರಮೈ ಮೇಲೆ ನೀರು ಹರಡದೆ, ದುಂಡು ದುಂಡಗೆ ಒಡೆದು ಉರುಳಿ ಬಿತ್ತು. ಹಿಂದಿನ ದಿನ ತಾನೇ ಉಜ್ಜಿ ತೊಳೆದಿಟ್ಟ ಲೋಟ. ಮೂಗಿನ ಹತ್ತಿರ ತಂದೆ. ಲೋಬಾನದ ಘಮ.

ನಲ್ಲಿ ಬಂದ್ ಮಾಡುವುದನ್ನೂ ಮರೆತು ನಿಂತಿದ್ದೆ. ಮೊದಲೆಲ್ಲ ಪಟ್ಟಿಗಳು ಹೊರಗೆ ಪಡಸಾಲೆಯಲ್ಲಿ ಒಣಗುತ್ತಿದ್ದವು. ಮಳೆಗಾಲದಲ್ಲಿ ಅಲ್ಲಿ ಒಣಗಲಿಲ್ಲವೆಂದು ಕೋಣೆಯೊಳಗೆ ತಂತಿ ಕಟ್ಟಿದವಳು ನಾನೇ. ಆ ತಂತಿಯ ಕೆಳಗೇ ಕೆಂಡ ಇಟ್ಟು ಹೊಗೆ ಹಾಕಿದವಳೂ ನಾನೇ. ಹೊಗೆಯ ಜಿಡ್ಡು ಪಟ್ಟಿಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೂತಿತ್ತು. ಏಳು ವರ್ಷ ಇದೇ ಕೆಲಸ ಮಾಡಿದವಳಿಗೆ ಇಷ್ಟು ತಿಳಿಯಲಿಲ್ಲವಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು.

ಆದರೂ ಖಾತ್ರಿ ಬೇಕಲ್ಲ. ಮುಂದಿನ ಗುರುವಾರ ಒಂದೇ ತೊಳೆತದ ಪಟ್ಟಿಗಳನ್ನು ಎರಡು ಪಾಲು ಮಾಡಿದೆ. ಕೆಲವನ್ನು ಪಡಸಾಲೆಯಲ್ಲಿ ಒಣಗಿಸಿ ಡಬ್ಬದಲ್ಲಿ ಮುಚ್ಚಿಟ್ಟೆ, ಉಳಿದವನ್ನು ಹೊಗೆಗೆ ಬಿಟ್ಟೆ. ಶುಕ್ರವಾರ ಡಬ್ಬದ ಪಟ್ಟಿಯ ಮೇಲೆ ಹನಿ ಅಂಟಿ ನಿಂತಿತು, ಹೊಗೆಯ ಪಟ್ಟಿಯ ಮೇಲೆ ಜಾರಿತು. ಮತ್ತೆ ಮಾಡಿದೆ. ಮತ್ತೆ ಹಾಗೇ. ನನ್ನ ವೃತ್ತಿಯಲ್ಲೇ ಇಷ್ಟು ಸ್ಪಷ್ಟವಾದ ಫಲಿತಾಂಶ ನನಗೆ ಇನ್ನೊಂದು ಸಿಕ್ಕಿಲ್ಲ.

ವರದಿ ಬರೆದೆ. ಕೋಣೆಯಲ್ಲಿ ಊದಿನಕಡ್ಡಿ ಹಚ್ಚಿದ್ದರಿಂದ ಪಟ್ಟಿಗಳ ಮೇಲೆ ಹೊಗೆಯ ಜಿಡ್ಡು ಕೂತಿದೆ, ಗುರುವಾರದ ತೊಳೆತದಲ್ಲಿ ದೋಷವಿರಲಿಲ್ಲ, ತಪ್ಪು ನನ್ನದು ಎಂದು ಸಹಿ ಹಾಕಿದೆ. ಊದಿನಕಡ್ಡಿ ಎಂದು ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ಕೆಂಡ ಎಂದರೆ ಅದು ಬೇರೆಯೇ ಮಾತಾಗುತ್ತದೆ ಎಂದು ಮುಂದುವರಿದೆ. ಮ್ಯಾನೇಜರು ಎರಡು ಸಲ ಓದಿ, ಹಣೆ ಒತ್ತಿಕೊಂಡು, "ಹೋಗ್ಲಿ ಬಿಡ್ರಿ, ಆಗಿದ್ದಾತು. ಬೇಕಾದ್ರ ಆಕಿನ್ನ ಕರೀರಿ, ಜಾಗ ಅದ," ಎಂದರು.

ಅಕ್ಕ ಮಗಳ ಊರಿಗೆ ಹೋಗಿದ್ದಾಳೆ ಎಂದು ತಂಡದ ಹೆಂಗಸರು ಹೇಳಿದರು. ಭಾನುವಾರ ಯಾದಗಿರಿಯಿಂದ ಶಹಾಪುರಕ್ಕೆ ಬಸ್ಸು ಹಿಡಿದು, ಅಲ್ಲಿಂದ ಟಂಟಂ ಆಟೋದಲ್ಲಿ ಹನ್ನೊಂದು ಜನರ ನಡುವೆ ಮಡಚಿಕೊಂಡು ವನದುರ್ಗಕ್ಕೆ ಹೋದೆ. ಮನೆಯಲ್ಲಿ ಯಾರೂ ಇರಲಿಲ್ಲ. ಕೋಟೆಯ ಆಚೆ ಹೊಲದಲ್ಲಿ ಹತ್ತಿ ಬಿಡಿಸುವ ಸಾಲಿನಲ್ಲಿ ಸಿಕ್ಕಳು. ಸೊಂಟಕ್ಕೆ ಕಟ್ಟಿದ ಉಡಿಯಲ್ಲಿ ಹತ್ತಿ ತುಂಬಿತ್ತು. ಹತ್ತಿಕಾಯಿಯ ಮುಳ್ಳು ಬೆರಳ ತುದಿಗಳನ್ನು ಗೀರಿ ಕೆಂಪಗೆ ಮಾಡಿತ್ತು. ನನ್ನನ್ನು ನೋಡಿ, "ಬಿಸಲಾಗ ಯಾಕ ಬಂದಿ?" ಎಂದಳು, ತನ್ನ ನೀರಿನ ಬಾಟಲಿ ಕೊಟ್ಟಳು. ಬದುವಿನ ಮೇಲೆ ಕೂತು ಎಲ್ಲ ಹೇಳಿದೆ. ತಂತಿ, ಹೊಗೆ, ಲೋಟ, ಎರಡು ಪಾಲು ಪಟ್ಟಿ. ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ಬಂತು.

ಅವಳು ಉಡಿಯಿಂದ ಒಣ ಎಲೆಯ ಚೂರುಗಳನ್ನು ಆರಿಸಿ ಎಸೆಯುತ್ತಾ ಕೇಳಿದಳು. ಆಮೇಲೆ, "ಅಳಬ್ಯಾಡ. ಹೊಗಿದು ನಿನಗೂ ಗೊತ್ತಿದ್ದಿಲ್ಲ, ನನಗೂ ಗೊತ್ತಿದ್ದಿಲ್ಲ. ಅದಕ್ಕ ನನಗ ನಿನ್ನ ಮ್ಯಾಲ ಸಿಟ್ಟಿಲ್ಲ," ಎಂದಳು.

"ಹಂಗಾದ್ರ ಬರ್ರಿ ಅಕ್ಕಾ. ಸಾಹೇಬ್ರು ಕರ್ಕೊಂಡ ಬಾ ಅಂದಾರ."

"ಆ ಸಾಹೇಬ ನಾ ಸಂತಿಗೆ ಓಡ್ತೀನಿ ಅಂತಂದಾಗ ನೀ ಅಲ್ಲೇ ಇದ್ದೀ ಹೌದಿಲ್ಲ?"

ನಾನು ತಲೆಯಾಡಿಸಿದೆ.

"ಗುರುವಾರ ಐದೂವರಿಗೆ ನಾ ಎಲ್ಲಿರ್ತಿದ್ದೆ?"

ಸಾಲಿನಲ್ಲಿದ್ದ ಹೆಂಗಸರು ಮುಂದೆ ಮುಂದೆ ಹೋಗುತ್ತಿದ್ದರು.

"ನಿನ್ನ ಕೋಣ್ಯಾಗ ಕುಂತಿರ್ತಿದ್ದೆ. ನಿನಗ ಕೆಂಡ ತಂದು ಕೊಟ್ಟು. ಸಂತಿಗೆ ಓಡಿದಾಕಿ ಕೆಂಡ ಹ್ಯಾಂಗ ತರ್ತಾಳ? ಅಷ್ಟ ಒಂದ ಮಾತ ಹೇಳಿದ್ರ ಸಾಕಿತ್ತು. ಕೆಂಡದ ಸುದ್ದಿ ಹೊರಗ ಬಂದ್ರ ನಿನಗ ಬೈತಾರಂತ ನೀ ಬಾಯಿ ಮುಚ್ಚಿದಿ. ಅವತ್ತ ಗೇಟಿನ್ಯಾಗ ನಿಂತಾಗ ನನಗ ಅದು ಗೊತ್ತಾತು."

ಕುತ್ತಿಗೆ ನೋವು, ಬಸ್ಸಿನ ಹೊತ್ತು ಎಂದೆಲ್ಲ ನಾನು ನನಗೇ ಹೇಳಿಕೊಂಡು ಬಂದಿದ್ದೆ. ಅವಳ ಮುಂದೆ ಅವು ಯಾವುದನ್ನೂ ಹೇಳಲು ಆಗಲಿಲ್ಲ. ವರದಿಯಲ್ಲೂ ಊದಿನಕಡ್ಡಿ ಎಂದು ಬರೆದದ್ದನ್ನು ಮಾತ್ರ ಹೇಳಿದೆ. ಅವಳು ಸಣ್ಣಗೆ ನಕ್ಕಳು.

"ಕೆಂಡ ಅಂತನ ಬರಿ. ತಂದಾಕಿ ನಾನ ಅಂತ ಬರಿ. ಅದು ಖರೆ ಅದ, ಅದಕ್ಕ ಬೈದ್ರ ಬೈಸ್ಕೊಳ್ತೀನಿ. ಓಡಿ ಹೋಗ್ಯಾಳ ಅಂತ ಬರದದ್ದು ಇರೂತನಕ ನಾ ಆ ಗೇಟ್ ದಾಟಂಗಿಲ್ಲ. ನಾ ತೊಳದೀನಿ, ಖರೇ ತೊಳದೀನಿ." ಎದ್ದು ಉಡಿ ಬಿಗಿದುಕೊಂಡು ಸಾಲಿಗೆ ಹೋದಳು. ನಾನು ಅವಳ ಬಾಟಲಿಯ ಮುಚ್ಚಳ ಹಾಕಿ ಬದುವಿನ ಮೇಲಿಟ್ಟು ಬಂದೆ.

ಸೋಮವಾರ ವರದಿಯನ್ನು ಮತ್ತೆ ಬರೆದೆ. ಬಹಳ ಏನಿಲ್ಲ, ಮೂರು ಸಾಲು ಹೆಚ್ಚಾಯಿತು. ಕೆಂಡ ತರಿಸಿಕೊಂಡವಳು ನಾನು, ನನಗಾಗಿ ತಂದುಕೊಟ್ಟವಳು ಆಕೆ, ಪಾಳಿ ಮುಗಿದ ಮೇಲೂ ಪ್ರತಿ ಗುರುವಾರ ಆಕೆ ನನ್ನ ಕೋಣೆಯಲ್ಲಿದ್ದಳು. ಮ್ಯಾನೇಜರು ಈ ಸಲ ನಗಲಿಲ್ಲ. "ಪ್ಲಾಸ್ಟಿಕ್ ನಡಬರಕ ಕೆಂಡಾ ಏನ್ರೀ ಮೇಡಂ? ಓದಿದವ್ರು ನೀವು," ಎಂದು ಬೈದರು. ನನಗೆ ನೋಟಿಸು ಬಂತು. ಹಿಂದಿನ ಬಾಗಿಲಿಗೆ ಬೀಗ ಬಿತ್ತು. ಲೋಬಾನದಾನಿ ಮನೆಗೆ ಹೋಯಿತು. ಅಕ್ಕನಿಗೂ ಎಚ್ಚರಿಕೆಯ ಚೀಟಿ ಬರೆದರು, ಆದರೆ ಹಾಜರಿ ಪುಸ್ತಕದ ಹಳೆಯ ಸಾಲನ್ನು ಎಂಟು ಹೆಂಗಸರ ಮುಂದೆಯೇ ಹೊಡೆದು ಹಾಕಿದರು. ಹೆಂಗಸರು ಸುದ್ದಿ ಮುಟ್ಟಿಸಿದ ಮೇಲೆ ಗುರುವಾರದ ಪಾಳಿಗೆ ಅವಳು ಬಂದಳು.

ಮಧ್ಯಾಹ್ನ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ಕಾದೆ. ಅವಳು ತಂಡದ ಹೆಂಗಸರ ಜೊತೆ ತೊಟ್ಟಿಯ ನೆರಳಿನಲ್ಲಿ ಉಂಡಳು. ಗುರುವಾರದ ಪಟ್ಟಿಗಳನ್ನು ಅವಳೇ ತಂದು ಮೇಜಿನ ಮೇಲಿಟ್ಟಳು. ನಾನು ಅವನ್ನು ಪಡಸಾಲೆಯ ತಂತಿಗೆ ಸಿಕ್ಕಿಸುತ್ತಿದ್ದಾಗ ಪಾಳಿ ಮುಗಿದ ಗಂಟೆ ಹೊಡೆಯಿತು. ಸ್ವಲ್ಪ ಹೊತ್ತಿಗೆ ಅವಳು ಕೈಚೀಲ ಮಡಚಿ ಹಿಡಿದು ಹೆಂಗಸರೆಲ್ಲರ ಮುಂದೆ ಬಂದು, ನನ್ನ ಮುಂದೆ ಒಂದು ಗಳಿಗೆ ನಿಂತಳು.

"ಈ ವಾರ ನಾ ಲಗೂನ ಸಂತಿಗೆ ಹೊಂಟೀನಿ," ಎಂದಳು. "ಬೇಕಾದ್ರ ಬರ್ಕೊ."